ಬಾಗಿಲ ತನಕ ಜೊತೆಗೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಸರ್ಕಾರಿ ಶಾಲೆಯಲ್ಲಿ ಸೇವೆಯುದ್ದಕ್ಕೂ ಪಾಠ ಹೇಳಿದ ಶಿಕ್ಷಕಿಯೊಬ್ಬರ ನೆನಪಿನ ದತ್ತಿ ಇದು. ನಗರದ ಬಡ ಮನೆಗಳ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದಕ್ಕೆ, ಹತ್ತಿದ ಮೇಲೆ ನಾಲ್ಕು ಜನರ ಮುಂದೆ ನಿಂತು ಮಾತಾಡುವಂತಾಗುವುದಕ್ಕೆ ಹಿರಿಯರು ಹೇಗೆ ಜೊತೆಯಾಗಬಹುದು? ಈ ವಿಷಯವನ್ನು ನಾನೇ ಕೇಳಿ ಪಡೆದೆ. ಇದರ ಬಗ್ಗೆ ಇಂದು ಮಾತು ಬಹಳ ನಡೆಯುತ್ತಿದೆ. ಕಂಪನಿಗಳು, ಟ್ರಸ್ಟುಗಳು, ಕಾಲೇಜುಗಳು ಎಲ್ಲವೂ ಮೆಂಟರಿಂಗ್ ಅನ್ನುತ್ತಿವೆ. ಆ ಕೆಲಸದ ಒಳಗೆ ನಿಜಕ್ಕೂ ಏನಿರಬೇಕು ಎಂಬುದನ್ನು ಒಬ್ಬ ಹಳೆಯ ಮೇಷ್ಟರಿಂದ ಶುರುಮಾಡಿ ಹೇಳುತ್ತೇನೆ.

ಕಳೆದ ಶತಮಾನದ ಮೊದಲ ದಶಕ. ಬಾಂಬೆಯ ಚರ್ನಿ ರೋಡ್ ಉದ್ಯಾನದಲ್ಲಿ ಶಾಲೆ ಬಿಟ್ಟ ಮೇಲೆ ಒಬ್ಬ ಹುಡುಗ ಪುಸ್ತಕ ಹಿಡಿದು ಕೂರುತ್ತಿದ್ದ. ಅವನ ಮನೆ ಪರೇಲಿನ ಚಾಳಿನಲ್ಲಿ. ಇದ್ದದ್ದು ಒಂದೇ ಕೋಣೆ. ಅಡುಗೆ, ಊಟ, ನಿದ್ದೆ, ಓದು ಎಲ್ಲ ಅಲ್ಲೇ. ಸೈನ್ಯದಿಂದ ನಿವೃತ್ತರಾಗಿದ್ದ ಅಪ್ಪ ಸುಬೇದಾರ್ ರಾಮಜಿ ಸಕ್ಪಾಲ್ ಮಗನನ್ನು ಬೇಗ ಮಲಗಿಸಿ, ತಾವು ಎಚ್ಚರವಿದ್ದು, ರಾತ್ರಿ 2 ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಆ ಹೊತ್ತಿಗೆ ಮಾತ್ರ ಆ ಕೋಣೆಯಲ್ಲಿ ಸದ್ದಿರುತ್ತಿರಲಿಲ್ಲ. ಪುಸ್ತಕ ಬೇಕೆಂದರೆ ಮದುವೆಯಾದ ಹೆಣ್ಣುಮಕ್ಕಳ ಒಡವೆ ಕೇಳಿ ತಂದು ಅಡವಿಟ್ಟಾದರೂ ತಂದುಕೊಡುತ್ತಿದ್ದರು. ಆ ಉದ್ಯಾನಕ್ಕೆ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಶಾಲಾ ಶಿಕ್ಷಕರೂ ಬರುತ್ತಿದ್ದರು. ಶಿವಾಜಿಯ ಚರಿತ್ರೆ ಬರೆದ ಮರಾಠಿ ಲೇಖಕರು ಅವರು. ದಿನವೂ ಓದುತ್ತ ಕೂತ ಹುಡುಗನನ್ನು ಕಂಡು ಮಾತಾಡಿಸಿದರು, ಯಾರ ಮಗ, ಏನು ಓದುತ್ತಿದ್ದಿ ಎಂದು ಕೇಳಿದರು, ಆಮೇಲೆ ಪುಸ್ತಕಗಳನ್ನು ಕೊಡತೊಡಗಿದರು. ಹುಡುಗ ಭೀಮರಾವ್ ಅಂಬೇಡ್ಕರ್.

1907ರಲ್ಲಿ ಭೀಮರಾವ್ ಮೆಟ್ರಿಕ್ ಪಾಸಾದ. ಸಮುದಾಯದವರು ಸಭೆ ಮಾಡಿ ಅಭಿನಂದಿಸಬೇಕೆಂದರು. ಅಪ್ಪ ಒಪ್ಪಲಿಲ್ಲ. ಒಂದು ಪರೀಕ್ಷೆ ಪಾಸಾದದ್ದಕ್ಕೆ ಇಷ್ಟೆಲ್ಲ ಮಾಡಿದರೆ ಹುಡುಗನ ತಲೆ ತಿರುಗುತ್ತದೆ ಅಂದರು. ಅವರನ್ನು ಒಪ್ಪಿಸಿದವರು ಕೇಳುಸ್ಕರ್. ಆ ಸಭೆಯಲ್ಲಿ ತಾವು ಬರೆದ ಬುದ್ಧನ ಜೀವನಚರಿತ್ರೆಯನ್ನು ಹುಡುಗನ ಕೈಗೆ ಕೊಟ್ಟರು. ಸುಮಾರು ಐವತ್ತು ವರ್ಷಗಳ ನಂತರ, ‘ಬುದ್ಧ ಮತ್ತು ಅವನ ಧಮ್ಮ’ಕ್ಕೆ ಬರೆದ ಮುನ್ನುಡಿಯಲ್ಲಿ, ಬಾಬಾಸಾಹೇಬರು ಈ ಪ್ರಸಂಗವನ್ನು ತಾವೇ ನೆನೆದಿದ್ದಾರೆ.

ಪುಸ್ತಕ ಕೊಟ್ಟ ಭಾಗವನ್ನು ನಾವು ಎಲ್ಲರಿಗೂ ಹೇಳುತ್ತೇವೆ. ಅದಾದ ಮೇಲೆ ನಡೆದದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಎಲ್ಫಿನ್‌ಸ್ಟನ್ ಕಾಲೇಜು ಸೇರಿದ ಹುಡುಗನ ಓದು ಹಣವಿಲ್ಲದೆ ನಿಲ್ಲುವ ಹಂತಕ್ಕೆ ಬಂತು. ಅಪ್ಪನ ಕೈ ಬರಿದಾಗಿತ್ತು. ಆಗ ಕೇಳುಸ್ಕರ್ ಹುಡುಗನಿಗೆ ಧೈರ್ಯ ಹೇಳಿ ಸುಮ್ಮನಾಗಲಿಲ್ಲ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಮುಂದೆ ಅವನ ವಿಷಯ ಇಟ್ಟರು, ಅವನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಮಂಜೂರಾಯಿತು. 1912ರಲ್ಲಿ ಬಿ.ಎ. ಆಯಿತು. 1913ರಲ್ಲಿ ಅದೇ ಬಡೋದೆಯ ಹಣದಲ್ಲಿ, ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ, ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು.

ಅರಮನೆಯ ಬಾಗಿಲು ಎಲ್ಲಿದೆ, ಅಲ್ಲಿ ಯಾರನ್ನು ಕಾಣಬೇಕು, ಯಾವ ಹೊತ್ತಿನಲ್ಲಿ, ಯಾವ ಮಾತಿನಲ್ಲಿ ಕೇಳಬೇಕು ಎಂಬುದು ಆ ಹುಡುಗನಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಕಾರಣವೂ ಇರಲಿಲ್ಲ. ಮೇಷ್ಟರಿಗೆ ಗೊತ್ತಿತ್ತು. ತಮ್ಮ ಹೆಸರು, ತಮ್ಮ ಪರಿಚಯ, ತಮ್ಮ ಒಂದು ದಿನ ಇಷ್ಟನ್ನೂ ಅವರು ಹುಡುಗನಿಗಾಗಿ ಖರ್ಚು ಮಾಡಿದರು. ಮಾರ್ಗದರ್ಶನ ಎಂಬ ಕೆಲಸದ ಸತ್ವ ಇಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಇಂದು ಹೆಚ್ಚಾಗಿ ನಾವು ಬಿಟ್ಟುಬಿಡುತ್ತಿರುವುದೂ ಇದನ್ನೇ.

ಇನ್ನು ನಮ್ಮೂರು ಬೆಂಗಳೂರಿಗೆ ಬರುತ್ತೇನೆ. ಲಕ್ಷ್ಮಣರಾವ್ ನಗರ, ಶ್ರೀರಾಮಪುರ, ಡಿ.ಜೆ. ಹಳ್ಳಿ, ಗೋರಿಪಾಳ್ಯ; ಅಥವಾ ಹೊರವಲಯದ ಕಟ್ಟಡಗಳ ಪಕ್ಕದಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರು ಹಾಕಿಕೊಂಡ ಶೆಡ್ಡುಗಳು. ಮನೆಯಲ್ಲಿ ತಮಿಳೋ ತೆಲುಗೋ ದಖ್ಖನಿ ಉರ್ದುವೋ ಉತ್ತರ ಕರ್ನಾಟಕದ ಕನ್ನಡವೋ ಆಡುವ ಹುಡುಗಿ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ ಎನ್ನಿ. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಇಲ್ಲವೇ ನಾಲ್ಕು ಮನೆಗಳ ಕೆಲಸ. ಅಪ್ಪ ಗಾರೆ ಕೆಲಸ. ಆ ಮನೆಯಲ್ಲಿ ಇಷ್ಟು ಓದಿದ ಮೊದಲ ಜೀವ ಇವಳೇ.

ಪಿಯುಸಿಗೆ ಸೇರುವಾಗ ಅವಳಿಗೆ ಹದಿನೈದು, ಹದಿನಾರು. ಸೈನ್ಸೋ, ಕಾಮರ್ಸೋ, ಆರ್ಟ್ಸೋ ಎಂದು ಆ ವಾರದಲ್ಲೇ ಹೇಳಬೇಕು. ಮುಂದೆ ಯಾವ ಬಾಗಿಲು ಮುಚ್ಚುತ್ತದೆ ಎಂದು ಅವಳಿಗೆ ಹೇಳುವವರು ಯಾರು? ಪಕ್ಕದ ಮನೆಯ ಅಕ್ಕ ಕಾಮರ್ಸ್ ತಗೊಂಡಿದ್ದಳು, ಹಾಗಾಗಿ ಇವಳೂ ಕಾಮರ್ಸ್. ಗಣಿತದಲ್ಲಿ ಒಳ್ಳೆ ಅಂಕ ಬಂದಿದ್ದರೂ ಅಷ್ಟೇ. ನಮ್ಮ ಮನೆಗಳಲ್ಲಾದರೆ ಈ ವಿಷಯ ಊಟದ ಹೊತ್ತಿನಲ್ಲಿ ಒಂಬತ್ತನೇ ತರಗತಿಯಿಂದಲೇ ನಡೆಯುತ್ತಿರುತ್ತದೆ. ಡಾಕ್ಟರ್ ಚಿಕ್ಕಪ್ಪ, ಎಂಜಿನಿಯರ್ ಅತ್ತೆ ಮಗ, ಬ್ಯಾಂಕಿನ ದೊಡ್ಡಮ್ಮ ಎಲ್ಲರೂ ಒಂದೊಂದು ಮಾತು ಹೇಳಿರುತ್ತಾರೆ. ಅದನ್ನು ನಾವು ಮಾರ್ಗದರ್ಶನ ಎಂದು ಕರೆಯುವುದೂ ಇಲ್ಲ, ಅಷ್ಟು ಸಹಜವಾಗಿ ಅದು ಸಿಕ್ಕಿರುತ್ತದೆ.

ಆಮೇಲೆ ಕಾಗದಪತ್ರ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸಬೇಕು. ಅದರ ಮೇಲಿನ ಆರ್.ಡಿ. ನಂಬರ್ ಇಲ್ಲದೆ ವಿದ್ಯಾರ್ಥಿವೇತನದ ಪೋರ್ಟಲ್ ಮುಂದಕ್ಕೆ ಹೋಗುವುದಿಲ್ಲ. ಆಧಾರ್‌ನಲ್ಲಿ ಒಂದು ಕಾಗುಣಿತ, ಅಂಕಪಟ್ಟಿಯಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲದಿದ್ದರೆ ಮಂಜೂರಾದ ಹಣವೂ ಬಂದು ತಲುಪುವುದಿಲ್ಲ. ಒಟಿಪಿ ಬರುವ ಫೋನ್ ಅಪ್ಪನದು, ಅಪ್ಪ ಇರುವುದು ಸೈಟಿನಲ್ಲಿ. ಕಲ್ಯಾಣ ಕರ್ನಾಟಕದಿಂದ ಬಂದ ಕುಟುಂಬವಾದರೆ ಪ್ರಮಾಣಪತ್ರಕ್ಕೆ ಊರಿಗೇ ಹೋಗಬೇಕು. ಬಸ್ ಚಾರ್ಜು, ಎರಡು ಮೂರು ದಿನದ ಕೂಲಿ ಎರಡೂ ಹೋಗುತ್ತವೆ. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ತನಗೊಂದು ಹಕ್ಕಿದೆ ಎಂದು ಬೆಂಗಳೂರಿನ ಶೆಡ್ಡಿನಲ್ಲಿ ಬೆಳೆದ ಎಷ್ಟು ಮಕ್ಕಳಿಗೆ ಗೊತ್ತು? ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 5 ಮೀಸಲಿದೆ. ನಗರದ ಸರ್ಕಾರಿ ಶಾಲೆಯ ಮಗುವಿಗೆ ಇದು ನೇರವಾಗಿ ದಕ್ಕಬೇಕಾದದ್ದು. ಅರ್ಜಿ ತುಂಬುವಾಗ ಆ ಕಾಲಂ ಗುರುತು ಮಾಡದೆ ಬಿಟ್ಟರೆ, ವ್ಯಾಸಂಗ ಪ್ರಮಾಣಪತ್ರ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ, ಆ ಹಕ್ಕು ಆ ವರ್ಷಕ್ಕೆ ಮುಗಿಯಿತು.

ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಒಂದು ವಿಷಯ ಹೋದರೂ ವರ್ಷ ಹಾಳಾಗಬೇಕಿಲ್ಲ. ಇದು ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸಬೇಕು. ಫೇಲಾದ ಹುಡುಗ ಆ ದಿನಗಳಲ್ಲಿ ಮನೆಯಲ್ಲಿ ಮುಖ ತೋರಿಸದೆ ತಿರುಗುತ್ತಿರುತ್ತಾನೆ. ಅಷ್ಟರಲ್ಲಿ ಯಾರೋ ಕೆಲಸಕ್ಕೆ ಕರೆಯುತ್ತಾರೆ. ಹದಿನೆಂಟು ತುಂಬಿದ್ದರೆ ಡೆಲಿವರಿ, ತುಂಬದಿದ್ದರೆ ಗ್ಯಾರೇಜು, ಕೇಟರಿಂಗ್. ಮೊದಲ ವಾರ ಕೈಗೆ ಬಂದ ಹಣವನ್ನು ಅಮ್ಮನಿಗೆ ಕೊಟ್ಟ ಹುಡುಗನನ್ನು ಮತ್ತೆ ಗಣಿತದ ಪುಸ್ತಕದ ಮುಂದೆ ಕೂರಿಸುವುದು ಸುಲಭವಲ್ಲ. ಆ ಹುಡುಗನ ಬದುಕಿನ ದಿಕ್ಕು ನಿರ್ಧಾರವಾಗುವುದು ಆ ಹತ್ತು ಹದಿನೈದು ದಿನಗಳಲ್ಲಿ. ಅವನ ಮನೆಗೆ ಹೋಗಿ, ‘ಬಾ, ಇವತ್ತೇ ಫೀಸ್ ಕಟ್ಟಿ ಬರೋಣ’ ಎಂದು ಕರೆದುಕೊಂಡು ಹೋಗುವ ಒಬ್ಬ ಅಣ್ಣ, ಒಬ್ಬ ಅಕ್ಕ ಇದ್ದರೆ ಸಾಕು.

ಬರೀ ಫಾರಂ ತುಂಬುವುದು ಮಾರ್ಗದರ್ಶನವೇ ಎಂದು ಕೇಳುವವರಿದ್ದಾರೆ. ಇದಕ್ಕೆ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗವನ್ನು ಹೇಳುತ್ತೇನೆ. ಅಲ್ಲಿ ಕಾಲೇಜಿಗೆ ಸರ್ಕಾರದ ನೆರವು ಬೇಕಾದರೆ ಉದ್ದದ ಅರ್ಜಿಯೊಂದನ್ನು ತುಂಬಬೇಕು. ಎರಿಕ್ ಬೆಟಿಂಜರ್, ಬ್ರಿಜೆಟ್ ಟೆರಿ ಲಾಂಗ್ ಮತ್ತು ಸಂಗಡಿಗರು ಕಡಿಮೆ ಆದಾಯದ ಕುಟುಂಬಗಳು ತೆರಿಗೆ ಲೆಕ್ಕ ಕೊಡಲು ಬರುವ ಕಚೇರಿಗಳಲ್ಲೇ ಕೆಲವರಿಗೆ ಆ ಅರ್ಜಿಯನ್ನು ಕೂತು ತುಂಬಿಕೊಟ್ಟರು. ಇನ್ನು ಕೆಲವರಿಗೆ ನಿಮಗೆ ಇಷ್ಟು ನೆರವು ಸಿಗಬಹುದು ಎಂಬ ಮಾಹಿತಿಯನ್ನು ಮಾತ್ರ ಕೊಟ್ಟರು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅರ್ಜಿ ತುಂಬಿಸಿಕೊಂಡ ಮನೆಗಳ ಮಕ್ಕಳಲ್ಲಿ ಎರಡು ವರ್ಷ ಕಾಲೇಜು ಓದಿದವರು ಶೇ. 28ರ ಬದಲು ಶೇ. 36 ಆದರು. ಬರೀ ಮಾಹಿತಿ ಪಡೆದವರಲ್ಲಿ ಏನೂ ಬದಲಾಗಲಿಲ್ಲ. ಕರಪತ್ರ ಹಂಚಿ, ಸಭಾಂಗಣದಲ್ಲಿ ಮಕ್ಕಳನ್ನು ಕೂರಿಸಿ ಸ್ಲೈಡು ತೋರಿಸಿ ಮಾರ್ಗದರ್ಶನ ಶಿಬಿರ ಮುಗಿಯಿತು ಅನ್ನುವವರು ಈ ಎರಡನೇ ಗುಂಪನ್ನು ಮರೆಯಬಾರದು. ಮಾಹಿತಿ ಎಲ್ಲ ಕಡೆ ಇದೆ, ಫೋನಿನಲ್ಲೂ ಇದೆ. ಪಕ್ಕದಲ್ಲಿ ಕೂತು ತುಂಬುವ ಕೈ ಕಡಿಮೆ.

ಅಲ್ಲಿನ ಸಂಶೋಧಕರು ಇನ್ನೊಂದನ್ನೂ ಗುರುತಿಸಿದ್ದಾರೆ. ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಕಾಲೇಜಿನಲ್ಲಿ ಸೀಟು ಸಿಕ್ಕಿ, ಸೇರುತ್ತೇನೆಂದು ಹೇಳಿದ ಬಡ ಮಕ್ಕಳಲ್ಲಿ ಒಂದು ಪಾಲು ತರಗತಿ ಶುರುವಾಗುವ ದಿನ ಬರುವುದೇ ಇಲ್ಲ. ಶಾಲೆ ಮುಗಿದಿದೆ, ಕಾಲೇಜು ಶುರುವಾಗಿಲ್ಲ. ನಡುವಿನ ಬೇಸಿಗೆಯಲ್ಲಿ ಆ ಮಕ್ಕಳ ಜವಾಬ್ದಾರಿ ಯಾರದೂ ಅಲ್ಲ. ನಮ್ಮಲ್ಲಿ ಇದು ದ್ವಿತೀಯ ಪಿಯುಸಿ ಫಲಿತಾಂಶದಿಂದ ಪದವಿ ತರಗತಿ ಶುರುವಾಗುವವರೆಗಿನ ಅವಧಿ. ಪಿಯು ಕಾಲೇಜಿನವರು ಟಿ.ಸಿ. ಕೊಟ್ಟು ಕೈತೊಳೆದುಕೊಂಡಿರುತ್ತಾರೆ. ಹೆಣ್ಣುಮಕ್ಕಳಿಗೆ ಊರಿನಿಂದ ಗಂಡು ನೋಡುವ ಕಾಲವೂ ಅದೇ. ಶುಲ್ಕ ಮರುಪಾವತಿ ಇದೆ, ನಿಜ. ಅದು ಆಮೇಲೆ ಬರುತ್ತದೆ. ಕಾಲೇಜಿನ ಕೌಂಟರಿನಲ್ಲಿ ಅಂದೇ ಕಟ್ಟಬೇಕಾದ ಹಣಕ್ಕೆ ಅಮ್ಮ ಚೀಟಿ ಎತ್ತಬೇಕು, ಇಲ್ಲವೇ ಮೀಟರ್ ಬಡ್ಡಿಗೆ ತರಬೇಕು. ದತ್ತಿನಿಧಿಗಳು ಬಹುಮಾನದ ಬದಲು ಈ ಮೊದಲ ಕಂತಿಗೆ ಹಣ ಇಟ್ಟರೆ ಎಷ್ಟು ಮಕ್ಕಳು ಉಳಿಯುತ್ತಾರೆ!

2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಕಾಲೇಜು ವಯಸ್ಸಿನವರ ಒಟ್ಟು ದಾಖಲಾತಿ ಪ್ರಮಾಣ ಶೇ. 36ರ ಆಸುಪಾಸು, ದೇಶದ್ದು ಶೇ. 28.4. ನಾವು ಮುಂದಿದ್ದೇವೆ. ಆದರೆ ಆ ಸರಾಸರಿಯ ಒಳಗೆ ಜಯನಗರವೂ ಇದೆ, ಶೆಡ್ಡಿನ ಸಾಲೂ ಇದೆ.

ಈಗ ನಮ್ಮ ಮನಸ್ಸಿಗೆ ಕಷ್ಟವಾಗುವ ವಿಷಯ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಮಕ್ಕಳಿಗೆ ಕೆಟ್ಟದ್ದನ್ನೂ ಮಾಡಬಹುದು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ, ಕೇಂಬ್ರಿಜ್ ಮತ್ತು ಸೋಮರ್ವಿಲ್ ಎಂಬ ಎರಡು ಊರುಗಳ ಕಾರ್ಮಿಕ ಬಡಾವಣೆಗಳಲ್ಲಿ, ವೈದ್ಯ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಒಂದು ದೊಡ್ಡ ಯೋಜನೆ ಹಾಕಿದರು. 1939ರಲ್ಲಿ ಶುರುವಾದ ಅದರಲ್ಲಿ 506 ಹುಡುಗರು. ಅರ್ಧ ಜನಕ್ಕೆ ಒಬ್ಬೊಬ್ಬ ಹಿರಿಯ ಮಾರ್ಗದರ್ಶಕ: ಮನೆಗೆ ಬರುವುದು, ಪಾಠಕ್ಕೆ ಸಹಾಯ, ಆಟ, ಬೇಸಿಗೆ ಶಿಬಿರ, ವೈದ್ಯಕೀಯ ನೆರವು, ಸರಾಸರಿ ಐದು ವರ್ಷ. ಉಳಿದ ಅರ್ಧಕ್ಕೆ ಏನೂ ಇಲ್ಲ. ಮೂವತ್ತು ವರ್ಷದ ನಂತರ ಜೋನ್ ಮೆಕ್‌ಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನೆಲ್ಲ ಹುಡುಕಿ 1978ರಲ್ಲಿ ವರದಿ ಮಾಡಿದರು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅದರಿಂದ ನಮಗೆ ಒಳ್ಳೆಯದಾಯಿತು ಅಂದರು, ಮಾರ್ಗದರ್ಶಕರನ್ನು ಪ್ರೀತಿಯಿಂದ ನೆನೆದರು. ದಾಖಲೆಗಳು ಬೇರೆಯೇ ಹೇಳಿದವು. ಕುಡಿತ, ಮಾನಸಿಕ ಕಾಯಿಲೆ, ಮತ್ತೆ ಮತ್ತೆ ಅಪರಾಧ, ಬೇಗ ಸಾವು. ಹೀಗೆ ಹಲವು ವಿಷಯಗಳಲ್ಲಿ ನೆರವು ಪಡೆದವರೇ ಹಿಂದುಳಿದಿದ್ದರು.

ಯಾಕೆ ಹೀಗಾಯಿತು ಎಂಬುದರ ಬಗ್ಗೆ ಚರ್ಚೆ ನಡೆದಿದೆ. ಹುಡುಗರಲ್ಲಿ ಪರಾವಲಂಬನೆ ಬೆಳೆಯಿತೇ, ಅವರಲ್ಲಿ ಹುಟ್ಟಿಸಿದ ನಿರೀಕ್ಷೆ ನೆರವು ನಿಂತ ಮೇಲೆ ಅವರನ್ನೇ ಮುರಿಯಿತೇ ಎಂದು ಮೆಕ್‌ಕಾರ್ಡ್ ಕೇಳಿದರು. ಶಿಬಿರಗಳಲ್ಲಿ ದಾರಿತಪ್ಪಿದ ಹುಡುಗರನ್ನು ಒಟ್ಟುಗೂಡಿಸಿದ್ದೂ ಕಾರಣವಿರಬಹುದು ಎಂಬ ವಾದ ಮುಂದೆ ಬಂತು. ನನಗೆ ಈ ವರದಿ ಒಂದು ಎಚ್ಚರಿಕೆಯನ್ನಂತೂ ಕೊಟ್ಟಿದೆ. ಮಕ್ಕಳು ಕೃತಜ್ಞತೆಯಿಂದ ಕಣ್ಣೀರು ಹಾಕಿದರು, ಧನ್ಯವಾದದ ಪತ್ರ ಬರೆದರು ಎಂಬುದನ್ನು ನಮ್ಮ ಕೆಲಸದ ಅಳತೆಗೋಲಾಗಿ ಇಟ್ಟುಕೊಳ್ಳಬಾರದು. ನಮ್ಮ ಸಂಸ್ಕೃತಿಯಲ್ಲಿ ದೊಡ್ಡವರ ಮುಂದೆ ಮಗು ಧನ್ಯವಾದವನ್ನೇ ಹೇಳುವುದು. ಮಗು ಯಾವ ತರಗತಿಯಲ್ಲಿದೆ, ಹಾಜರಾತಿ ಎಷ್ಟು, ಎರಡನೇ ವರ್ಷಕ್ಕೆ ಹೋಯಿತೇ, ಇದನ್ನು ನೋಡಬೇಕು.

ಎರಡನೆಯ ಎಚ್ಚರಿಕೆ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಅವರ 2002ರ ಅಧ್ಯಯನದ್ದು. ಒಂದು ವರ್ಷ ಅಥವಾ ಹೆಚ್ಚು ಕಾಲ ಮಾರ್ಗದರ್ಶಕರು ಜೊತೆಗಿದ್ದ ಮಕ್ಕಳಲ್ಲಿ ಅತಿ ಹೆಚ್ಚು ಒಳ್ಳೆಯ ಬದಲಾವಣೆ ಕಂಡಿತು. ಕೆಲವೇ ತಿಂಗಳಲ್ಲಿ ಕೈಬಿಟ್ಟು ಹೋದವರ ಮಕ್ಕಳು ಮೊದಲಿದ್ದದ್ದಕ್ಕಿಂತ ಕೆಳಕ್ಕಿಳಿದರು. ತಮ್ಮ ಬಗ್ಗೆ ತಮಗಿದ್ದ ಗೌರವವೂ ಕುಗ್ಗಿತು. ಕಾರಣ ಊಹಿಸಲು ಕಷ್ಟವಿಲ್ಲ. ಅಪ್ಪ ಬಿಟ್ಟುಹೋದ ಮನೆ, ವರ್ಷಕ್ಕೊಮ್ಮೆ ಎತ್ತಂಗಡಿಯಾಗುವ ಗುಡಿಸಲು, ನಡುವೆಯೇ ವರ್ಗವಾಗುವ ಟೀಚರ್, ಇದನ್ನೆಲ್ಲ ಕಂಡ ಮಗುವಿಗೆ ಹೊಸದಾಗಿ ಬಂದ ಅಕ್ಕನೂ ಮೂರು ತಿಂಗಳಲ್ಲಿ ಕಾಣೆಯಾದರೆ ತನ್ನಲ್ಲೇ ಏನೋ ಕೊರತೆ ಇದೆ ಎಂದೇ ಅನ್ನಿಸುತ್ತದೆ. ಆದ್ದರಿಂದ ಸ್ವಯಂಸೇವೆಗೆ ಬರುವ ಯುವಕ ಯುವತಿಯರಲ್ಲಿ ನಾನು ಕೈಮುಗಿದು ಕೇಳುತ್ತೇನೆ: ಒಂದು ವರ್ಷ ಇರಲು ಆಗದಿದ್ದರೆ ಒಂದು ಮಗುವಿನ ಹೆಸರು ತೆಗೆದುಕೊಳ್ಳಬೇಡಿ. ಪುಸ್ತಕ ಜೋಡಿಸಿ, ಅರ್ಜಿ ತುಂಬಿ, ಗಣಿತ ಹೇಳಿಕೊಡಿ. ಅದಕ್ಕೂ ನಿಮ್ಮ ಅಗತ್ಯವಿದೆ. ಕಂಪನಿಯ ಸಮಾಜಸೇವೆಯ ಗಂಟೆಗಳನ್ನು ಭರ್ತಿ ಮಾಡಲು ಒಂದು ಶನಿವಾರ ಬಂದು ಫೋಟೋ ತೆಗೆಸಿಕೊಂಡು ಹೋಗುವ ಪದ್ಧತಿಯನ್ನು ಸಂಸ್ಥೆಗಳು ನಿಲ್ಲಿಸಬೇಕು. ನಾನು ಇದನ್ನು ಕೋಪದಿಂದಲೇ ಹೇಳುತ್ತಿದ್ದೇನೆ.

ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ವಾರಾನ್ನ ಉಂಡು ಓದಿದವರ ಸಂಖ್ಯೆ ದೊಡ್ಡದು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆದರೆ ಆ ಪಂಕ್ತಿಯಲ್ಲಿ ಎಲೆ ಹಾಕುತ್ತಿದ್ದದ್ದು ಯಾವ ಜಾತಿಯ ಮಕ್ಕಳಿಗೆ ಎಂಬುದನ್ನು ಮರೆಯದೆ ಹೇಳಬೇಕು. ಉಳಿದವರಿಗೆ ಹಾಸ್ಟೆಲ್ ಬೇಕಾಯಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು, ಬೆಂಗಳೂರು ಮೈಸೂರುಗಳಲ್ಲಿ ಗೋಪಾಲಸ್ವಾಮಿ ಅಯ್ಯರ್, ಲಿಂಗಾಯತ ಮಠಗಳು, ಒಕ್ಕಲಿಗರ ಸಂಘ, ಕುರುಬರ ಸಂಘ. ಒಂದೊಂದು ಹಾಸ್ಟೆಲಿನ ಹಿಂದೆಯೂ ಊರೂರು ಅಲೆದು ಅಕ್ಕಿ ರಾಗಿ ಬೇಡಿ ತಂದವರಿದ್ದಾರೆ.

ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಊರಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಅವರ ಮೇಲಿನ ಭರವಸೆಯಿಂದ 1935ರಲ್ಲಿ ಹುಡುಗ ನಡೆದುಕೊಂಡೇ ಬೆಂಗಳೂರು ಸೇರಿದ. ಮುಂದೆ ಅಮೆರಿಕದಲ್ಲಿ ಪಿಎಚ್.ಡಿ. ಮಾಡಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ, 2005ರಲ್ಲಿ ತೀರಿಕೊಳ್ಳುವವರೆಗೆ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಹುಡುಗರ ನಡುವೆ ಇದ್ದರು.

ಆದರೆ ಇವತ್ತಿನ ನನ್ನ ವಿಷಯಕ್ಕೆ ಇನ್ನೂ ಹತ್ತಿರದವರು ಕವಿ ಸಿದ್ಧಲಿಂಗಯ್ಯ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ಕುಟುಂಬ, ಶ್ರೀರಾಮಪುರದ ಕೊಳೆಗೇರಿ, ಅಲ್ಲಿಂದ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್. ಅವರ ಆತ್ಮಕತೆ ‘ಊರುಕೇರಿ’ ಓದಿದವರಿಗೆ ಆ ಹಾಸ್ಟೆಲ್ ಚೆನ್ನಾಗಿ ಗೊತ್ತು. ನಗರದ ನಡುವಿನ ಆ ಕಟ್ಟಡದಲ್ಲಿ ಬೇರೆ ಬೇರೆ ಊರುಗಳ ದಲಿತ ಹುಡುಗರು ಒಟ್ಟಿಗೆ ಉಂಡರು, ಜಗಳವಾಡಿದರು, ಭಾಷಣ ಮಾಡಿದರು, ಸಭೆಗಳಿಗೆ ಹೋದರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಬಂದಾಗ ಆ ಕವಿ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ದಲಿತ ಸಂಘರ್ಷ ಸಮಿತಿ ಕಟ್ಟಿದವರಲ್ಲಿ ಒಬ್ಬರಾಗಿ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ, ವಿಧಾನ ಪರಿಷತ್ತಿನ ಸದಸ್ಯರಾಗಿ ಬೆಳೆದ ಅವರ ನಾಯಕತ್ವಕ್ಕೆ ಯಾವ ವ್ಯಕ್ತಿತ್ವ ವಿಕಸನ ಶಿಬಿರವೂ ಕಾರಣವಲ್ಲ. ತನ್ನಂಥವರೇ ನೂರು ಜನರಿರುವ ಒಂದು ಜಾಗ, ಅಲ್ಲಿ ಎದ್ದು ನಿಂತು ಮಾತಾಡುವ ಅವಕಾಶ, ಮಾತಾಡಿದ್ದನ್ನು ಕೇಳಿಸಿಕೊಳ್ಳುವ ಗೆಳೆಯರು, ಇವಿಷ್ಟು ಸೇರಿ ಅದನ್ನು ಬೆಳೆಸಿದವು.

ನ್ಯೂಯಾರ್ಕಿನಲ್ಲಿ 1989ರಲ್ಲಿ ಡೆಬೊರಾ ಬೈಲ್ ಎಂಬವರು ಪಾಸಿ ಫೌಂಡೇಶನ್ ಶುರುಮಾಡಿದ್ದು ಇಂಥದೇ ಅರಿವಿನಿಂದ. ಒಳ್ಳೆಯ ಕಾಲೇಜು ಸೇರಿ ನಡುವೆಯೇ ಬಿಟ್ಟುಬಂದ ಹುಡುಗನೊಬ್ಬ, ನನ್ನ ಗೆಳೆಯರ ಗುಂಪು ಜೊತೆಗಿದ್ದಿದ್ದರೆ ನಾನು ಬಿಡುತ್ತಿರಲಿಲ್ಲ ಎಂಬರ್ಥದ ಮಾತು ಹೇಳಿದ್ದ. ಅವರು ನಗರದ ಶಾಲೆಗಳಿಂದ ಹತ್ತು ಹತ್ತು ಮಕ್ಕಳ ತಂಡ ಕಟ್ಟಿ, ಹೊರಡುವ ಮೊದಲು ತಿಂಗಳುಗಟ್ಟಲೆ ಪ್ರತಿ ವಾರ ಸೇರಿಸಿ, ಇಡೀ ತಂಡವನ್ನು ಒಂದೇ ಕಾಲೇಜಿಗೆ ಕಳಿಸುತ್ತಾರೆ. ಸಂಸ್ಥೆಯ ಲೆಕ್ಕದಂತೆ ಶೇ. 90ರಷ್ಟು ಮಕ್ಕಳು ಪದವಿ ಮುಗಿಸುತ್ತಾರೆ. ಇದನ್ನು ನಾವು ಖರ್ಚಿಲ್ಲದೆ ಮಾಡಬಹುದು. ಒಂದೇ ಬಡಾವಣೆಯ ಆರು ಹುಡುಗಿಯರು ಆರು ಕಾಲೇಜುಗಳಿಗೆ ಚದುರಿಹೋಗುವ ಬದಲು ಒಂದೇ ಕಾಲೇಜಿಗೆ, ಒಂದೇ ಬಸ್ಸಿನಲ್ಲಿ ಹೋದರೆ ಮನೆಯವರ ಭಯ ಅರ್ಧ ಇಳಿಯುತ್ತದೆ. ಇಂಗ್ಲಿಷ್ ಪಾಠ ಅರ್ಥವಾಗದ ಮೊದಲ ಸೆಮಿಸ್ಟರಿನಲ್ಲಿ ಒಬ್ಬಳು ಬರೆದ ನೋಟ್ಸ್ ಇನ್ನೊಬ್ಬಳಿಗೆ ಕನ್ನಡದಲ್ಲಿ ತಿಳಿಯುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಕಾಲೇಜು ಬಿಡುವುದು ಹೆಚ್ಚಾಗಿ ಆ ಮೊದಲ ಸೆಮಿಸ್ಟರಿನಲ್ಲಿ, ಬುದ್ಧಿಯ ಕೊರತೆಯಿಂದಲ್ಲ, ತರಗತಿಯಲ್ಲಿ ಬಾಯಿ ಬಿಡಲಾಗದ ಒಂಟಿತನದಿಂದ.

ಬೆಂಗಳೂರಿನಲ್ಲೇ 1990ರಲ್ಲಿ ಹುಟ್ಟಿದ ಭೀಮ ಸಂಘವನ್ನೂ ನೆನೆಯಬೇಕು. ಅದು ದುಡಿಯುವ ಮಕ್ಕಳ ಸಂಘ. ಪದಾಧಿಕಾರಿಗಳು ಮಕ್ಕಳೇ. ಹೋಟೆಲಿನಲ್ಲಿ ಲೋಟ ತೊಳೆಯುವ, ಚಿಂದಿ ಆಯುವ ಮಕ್ಕಳು ತಮ್ಮ ಕೂಲಿ, ತಮ್ಮ ಶಾಲೆಯ ಬಗ್ಗೆ ತಾವೇ ಸಭೆ ನಡೆಸಿದರು, ಅಧಿಕಾರಿಗಳ ಎದುರು ಕೂತು ಮಾತಾಡಿದರು. ಬಾಲಕಾರ್ಮಿಕ ಪದ್ಧತಿಯ ಬಗ್ಗೆ ಆ ಸಂಘದ ನಿಲುವನ್ನು ಒಪ್ಪದವರು ಹಲವರಿದ್ದರು. ಆದರೂ ಜವಾಬ್ದಾರಿ ನಿಜವಾದದ್ದಾಗಿದ್ದರೆ ನಾಯಕತ್ವ ಎಷ್ಟು ಬೇಗ ಬರುತ್ತದೆ ಎಂಬುದನ್ನು ಆ ಮಕ್ಕಳು ತೋರಿಸಿದರು.

ಓದುವ ಜಾಗದ ಬಗ್ಗೆ ಒಂದು ಮಾತು. ಪರೇಲಿನದರಂಥ ಒಂದು ಕೋಣೆಯ ಮನೆಗಳು ಇವತ್ತು ಬೆಂಗಳೂರಿನಲ್ಲಿ ಸಾವಿರಾರು ಇವೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಉಪಕರ ಸೇರಿರುತ್ತದೆ; 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಆ ಹಣದಲ್ಲಿ ನಡೆಯುವ ಬಡಾವಣೆಯ ಶಾಖಾ ಗ್ರಂಥಾಲಯ ಸಂಜೆ 6ರಿಂದ 10ರವರೆಗೆ, ದೀಪ, ಫ್ಯಾನು, ಶೌಚಾಲಯದ ಸಮೇತ, ಪರೀಕ್ಷೆಯ ನಾಲ್ಕು ತಿಂಗಳಾದರೂ ಓದುವ ಮಕ್ಕಳಿಗೆ ತೆರೆದಿರಬೇಕು. ಇದಕ್ಕೆ ಹೊಸ ಕಟ್ಟಡ ಬೇಡ. ವಾರ್ಡಿನ ಹತ್ತು ಜನ ತೆರಿಗೆದಾರರು ಒಟ್ಟಿಗೆ ಹೋಗಿ ಕೇಳಬೇಕು. ಜೊತೆಗೆ ಆ ಬಡಾವಣೆಯ ಪಿಯುಸಿ ಹುಡುಗರನ್ನೂ ಕರೆದೊಯ್ದು, ಮನವಿಯನ್ನು ಅವರಿಂದಲೇ ಓದಿಸಬೇಕು.

ಹಣ ಇರುವವರ ಕೆಲಸ ಏನು ಎಂಬುದಕ್ಕೆ ಯೂಜೀನ್ ಲ್ಯಾಂಗ್ ಅವರ ಉದಾಹರಣೆ ಸಾಕು. 1981ರಲ್ಲಿ ಈ ಉದ್ಯಮಿ ತಾವು ಓದಿದ್ದ ಈಸ್ಟ್ ಹಾರ್ಲೆಮಿನ ಶಾಲೆಗೆ ಭಾಷಣಕ್ಕೆ ಹೋದರು. ಆರನೇ ತರಗತಿಯ 61 ಮಕ್ಕಳು ಎದುರಿಗಿದ್ದರು. ಅವರಲ್ಲಿ ಮುಕ್ಕಾಲು ಪಾಲು ಹೈಸ್ಕೂಲು ಮುಗಿಸುವುದಿಲ್ಲ ಎಂದು ಶಾಲೆಯವರು ಅವರಿಗೆ ಹೇಳಿದ್ದರು. ಕಷ್ಟಪಟ್ಟರೆ ಫಲವಿದೆ ಎಂಬ ಸಿದ್ಧ ಭಾಷಣವನ್ನು ಬದಿಗಿಟ್ಟು, ಹೈಸ್ಕೂಲು ಮುಗಿಸಿದರೆ ಕಾಲೇಜಿನ ಶುಲ್ಕ ನನ್ನದು ಎಂದು ಅಲ್ಲೇ ಮಾತು ಕೊಟ್ಟರು. ಆರು ವರ್ಷದ ಮುಂದಿನ ಹಣದಿಂದ ಹನ್ನೆರಡರ ಮಗು ಶಾಲೆಯಲ್ಲಿ ಉಳಿಯುವುದಿಲ್ಲ ಎಂಬುದು ಬೇಗನೆ ಅವರಿಗೆ ತಿಳಿಯಿತು. ಮಕ್ಕಳನ್ನು ದಿನವೂ ನೋಡಿಕೊಳ್ಳಲು ಒಬ್ಬ ಕಾರ್ಯಕರ್ತನನ್ನು ನೇಮಿಸಿದರು, ತಮ್ಮ ಕಚೇರಿಗೆ ಬಂದು ಮಾತಾಡಲು ಮಕ್ಕಳಿಗೆ ಅವಕಾಶ ಮಾಡಿದರು. ಬಹುಪಾಲು ಮಕ್ಕಳು ಹೈಸ್ಕೂಲು ಮುಗಿಸಿದರು. ಅರ್ಧಕ್ಕೂ ಹೆಚ್ಚು ಮಂದಿ ಮುಂದೆ ಓದಿದರು.

ಲ್ಯಾಂಗ್ ಅವರಲ್ಲಿ ಹಣ ಇತ್ತು, ಕೇಳುಸ್ಕರ್ ಅವರಲ್ಲಿ ಇರಲಿಲ್ಲ. ಇಬ್ಬರೂ ವರ್ಷಗಟ್ಟಲೆ ಜೊತೆಗಿದ್ದರು.

ಕೊನೆಯದಾಗಿ, ಈ ಮಕ್ಕಳು ನಾಯಕರಾಗಬೇಕು ಎಂದು ನಾವು ಹೇಳುವಾಗ ಯಾವುದರ ನಾಯಕರು ಎಂದು ಕೇಳಿಕೊಳ್ಳಬೇಕು. 1925ರಲ್ಲಿ, ತಾವೇ ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭಾದ ಮೂಲಕ ಬಾಬಾಸಾಹೇಬರು ಸೋಲಾಪುರದಲ್ಲಿ ಹಾಸ್ಟೆಲ್ ತೆರೆಸಿದರು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, ಮರುವರ್ಷ ಬಾಂಬೆಯಲ್ಲಿ ಸಿದ್ಧಾರ್ಥ ಕಾಲೇಜು. ದುಡಿಯುವ ಹುಡುಗರು ಕೆಲಸಕ್ಕೆ ಹೋಗುವ ಮೊದಲೇ ಪಾಠ ಕೇಳಲೆಂದು ಅಲ್ಲಿ ಬೆಳಗಿನ ತರಗತಿಗಳಿದ್ದವು. ರಾತ್ರಿ 2 ಗಂಟೆಗೆ ಎದ್ದು ಓದಿದವರಿಗೆ ಕಾಲೇಜಿನ ವೇಳಾಪಟ್ಟಿ ಹೇಗಿರಬೇಕು ಎಂಬುದು ಯಾರೂ ಹೇಳಿಕೊಡದೆ ಗೊತ್ತಿತ್ತು. ಬಡಾವಣೆಯ ಮಕ್ಕಳು ಕಾಲೇಜಿಗೆ ಹೋಗುವುದು ಒಂದು ಹಂತ. ಕಾಲೇಜು ಯಾವ ಹೊತ್ತಿಗೆ ತೆರೆಯಬೇಕು, ಶುಲ್ಕವನ್ನು ಯಾವಾಗ ಕೇಳಬೇಕು, ಹಾಸ್ಟೆಲಿನ ಸಾರು ಹೇಗಿರಬೇಕು ಎಂದು ನಿರ್ಧರಿಸುವ ಮೇಜಿನ ಸುತ್ತ ಅವರು ಕೂರುವುದು ನಾಯಕತ್ವ.

ಆ ಮೇಜು ಈ ಕಟ್ಟಡದಲ್ಲೂ ಒಂದಿದೆ. ಈ ದತ್ತಿಯ ನೆರವು ಯಾರಿಗೆ, ಎಷ್ಟು, ಯಾವ ತಿಂಗಳಲ್ಲಿ ಎಂದು ನಿರ್ಧರಿಸುವ ಸಮಿತಿಯಲ್ಲಿ ಈಗ ಇರುವವರೆಲ್ಲ ನನ್ನ ವಯಸ್ಸಿನವರು. ಹಿಂದಿನ ವರ್ಷಗಳಲ್ಲಿ ಇದೇ ದತ್ತಿಯ ನೆರವಿನಿಂದ ಓದಿ ಈಗ ಕೆಲಸದಲ್ಲಿರುವ ಇಬ್ಬರನ್ನು, ಅದರಲ್ಲಿ ಒಬ್ಬರಾದರೂ ಹೆಣ್ಣುಮಗಳನ್ನು, ಮತ ಹಾಕುವ ಹಕ್ಕಿನ ಸಮೇತ ಮುಂದಿನ ಸಭೆಯಿಂದಲೇ ಸೇರಿಸಿಕೊಳ್ಳಬೇಕೆಂದು ಅಧ್ಯಕ್ಷರನ್ನು ಎಲ್ಲರ ಎದುರು ಕೇಳಿಕೊಳ್ಳುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ಬರುವುದಕ್ಕೆ ಮುಂಚೆ ಆ ಸಭೆ ನಡೆಯಲಿ.